ಹೆನ್ರಿಗೆ ಏನು ನೆನಪಿತ್ತು, ಏನು ಇರಲಿಲ್ಲ

ಡಿಗ್ರಿ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡೋ ನನಗೆ ಪ್ರತಿ ಸಲ ಪೇಪರ್ ತಿದ್ದುವಾಗ ಒಂದೇ ಸಾಲು ಸಿಗುತ್ತೆ. "ಎಚ್.ಎಂ. ಎಂಬ ರೋಗಿಯ ಹಿಪ್ಪೊಕ್ಯಾಂಪಸ್ ತೆಗೆದಿದ್ದರಿಂದ ಅವನ ನೆನಪಿನ ಶಕ್ತಿ ಹೋಯಿತು, ಆದ್ದರಿಂದ ಹಿಪ್ಪೊಕ್ಯಾಂಪಸ್ ನೆನಪಿನ ಉಗ್ರಾಣ." (ಹಿಪ್ಪೊಕ್ಯಾಂಪಸ್ ಅಂದ್ರೆ ಮಿದುಳಿನ ಒಳಗಿರೋ ಒಂದು ಸಣ್ಣ ಭಾಗ.) ಗೈಡಲ್ಲಿ ಹಾಗೇ ಇದೆ, ವ್ಯಾಲ್ಯುಯೇಷನ್ ಸ್ಕೀಮಲ್ಲೂ ಹಾಗೇ ಇದೆ, ನಾನೂ ಎರಡು ಮಾರ್ಕ್ಸ್ ಹಾಕಿ ಪುಟ ತಿರುವ್ತೀನಿ. ಆದ್ರೆ ಆ ಸಾಲಲ್ಲಿ ತೆಗೆದಿದ್ದು ಬರೀ ಹಿಪ್ಪೊಕ್ಯಾಂಪಸ್ ಅನ್ನೋದು ತಪ್ಪು, ನೆನಪಿನ ಶಕ್ತಿ ಹೋಯ್ತು ಅನ್ನೋದು ಅರ್ಧ ತಪ್ಪು, ಉಗ್ರಾಣ ಅನ್ನೋದಂತೂ ಪೂರ್ತಿ ತಪ್ಪು. ಕ್ಲಾಸಲ್ಲಿ ಇದನ್ನ ಬಿಡಿಸಿ ಹೇಳೋಕೆ ಒಂದು ಪೀರಿಯಡ್ ಸಾಲಲ್ಲ, ಅದಕ್ಕೇ ಇಲ್ಲಿ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಟೈಮ್ ಇದ್ದಾಗ ಓದಿ.

ಎಚ್.ಎಂ. ಅಂದ್ರೆ ಹೆನ್ರಿ ಗುಸ್ಟಾವ್ ಮೊಲೈಸನ್. ಹುಟ್ಟಿದ್ದು 1926ರ ಫೆಬ್ರವರಿ 26, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮ್ಯಾಂಚೆಸ್ಟರ್ ಅನ್ನೋ ಊರಲ್ಲಿ. ಬದುಕಿರೋವರೆಗೂ ಜಗತ್ತಿಗೆ ಅವನ ಹೆಸರು ಗೊತ್ತಿರಲಿಲ್ಲ, ಎರಡು ಅಕ್ಷರ ಅಷ್ಟೇ, ಪೂರ್ತಿ ಹೆಸರು ಹೊರಗೆ ಬಂದಿದ್ದು 2008ರಲ್ಲಿ ಅವನು ತೀರಿಕೊಂಡ ಮೇಲೆ. (82 ವರ್ಷ ಬದುಕಿದ ಮನುಷ್ಯನ್ನ ಏಕವಚನದಲ್ಲಿ ಕರೀತೀಯಲ್ಲ ಅಂತ ಬೈಬೇಡಿ. ಹತ್ತಾರು ವರ್ಷದಿಂದ ಪಾಠ ಮಾಡಿ ಮಾಡಿ ಮನೆ ಹುಡುಗನ ಥರ ಆಗಿಬಿಟ್ಟಿದಾನೆ.)

ಚಿಕ್ಕವನಿದ್ದಾಗ ರಸ್ತೆಯಲ್ಲಿ ಒಂದು ಸೈಕಲ್ ಗುದ್ದಿ ಬಿದ್ದು ತಲೆಗೆ ಪೆಟ್ಟಾಗಿತ್ತು, ಅದರ ಜೊತೆ ಅಪ್ಪನ ಕಡೆ ಸಂಬಂಧಿಕರಲ್ಲಿ ಫಿಟ್ಸ್ ಕಾಯಿಲೆನೂ ಇತ್ತು, ಎರಡರಲ್ಲಿ ಯಾವುದು ಕಾರಣ ಅಂತ ಕೊನೆವರೆಗೂ ತೀರ್ಮಾನ ಆಗಲಿಲ್ಲ. ಹತ್ತು ವರ್ಷಕ್ಕೆ ಸಣ್ಣ ಫಿಟ್ಸ್ ಶುರು ಆಯ್ತು. ಸಣ್ಣದು ಅಂದ್ರೆ ಮಾತಾಡ್ತಾ ಮಾತಾಡ್ತಾ ಕೆಲವು ಸೆಕೆಂಡ್ ಹಾಗೇ ನಿಂತುಬಿಡೋದು, ಬಾಯಿ ತೆರೆದು ಕಣ್ಣು ಮುಚ್ಚಿಕೊಂಡು, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮುಂದುವರಿಯೋದು. ಹದಿನೈದನೇ ಹುಟ್ಟುಹಬ್ಬದ ದಿನ ಅಪ್ಪ ಅಮ್ಮನ ಜೊತೆ ಕಾರಲ್ಲಿ ಹೋಗ್ತಿದ್ದಾಗ ಮೊದಲ ದೊಡ್ಡ ಫಿಟ್ಸ್ ಬಂತು, ಮೈಯೆಲ್ಲಾ ಸೆಟೆದುಕೊಂಡು ನಡುಗೋ ಅಂಥದ್ದು. ನಮ್ಮೂರುಗಳಲ್ಲಾಗಿದ್ರೆ ಕೈಗೆ ಕಬ್ಬಿಣದ ಬೀಗದಕೈ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ಅಲ್ಲಿಂದ ಯಾವುದೋ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತಿದ್ರು. ಅಲ್ಲಿ ಆಗಿದ್ದೂ ಅದಕ್ಕಿಂತ ದೊಡ್ಡ ಮರ್ಯಾದೆ ಏನಲ್ಲ. ಸ್ಕೂಲಲ್ಲಿ ಹುಡುಗರು ಆಡಿಕೊಳ್ಳೋದು ತಡೀಲಾರದೆ ಓದು ನಿಲ್ಲಿಸಿದ, ಆಮೇಲೆ ಬೇರೆ ಸ್ಕೂಲಿಗೆ ಸೇರಿ 21ನೇ ವಯಸ್ಸಿಗೆ ಹೈಸ್ಕೂಲ್ ಮುಗಿಸಿದ. ಸರ್ಟಿಫಿಕೇಟ್ ಕೊಡೋ ದಿನ ಸ್ಟೇಜ್ ಮೇಲೆ ಫಿಟ್ಸ್ ಬಂದ್ರೆ ಅಂತ ಹೆದರಿ ಅವನನ್ನ ಮಿಕ್ಕವರ ಜೊತೆ ಸ್ಟೇಜ್ ಹತ್ತಿಸಲಿಲ್ಲ.

ಆಮೇಲೆ ಅಂಡರ್‌ವುಡ್ ಟೈಪ್‌ರೈಟರ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ಲೈನ್ ಕೆಲಸ. 27 ವರ್ಷ ಆಗೋ ಹೊತ್ತಿಗೆ ದಿನಕ್ಕೆ ಸುಮಾರು ಹತ್ತು ಸಣ್ಣ ಫಿಟ್ಸ್, ವಾರಕ್ಕೊಂದು ದೊಡ್ಡದು. ಆ ಕಾಲದಲ್ಲಿ ಇದ್ದ ಮಾತ್ರೆಗಳನ್ನೆಲ್ಲಾ ಹೈ ಡೋಸಲ್ಲಿ ಕೊಟ್ಟು ನೋಡಿದ್ದಾಗಿತ್ತು. ಕೆಲಸಕ್ಕೆ ಹೋಗೋಕಾಗ್ತಿಲ್ಲ, ಮದುವೆ ಮಾತಂತೂ ದೂರ. ಈ ಸ್ಥಿತಿ ಮನಸ್ಸಲ್ಲಿಟ್ಟುಕೊಂಡೇ ಮುಂದಿನದು ಓದಬೇಕು, ಇಲ್ಲದಿದ್ರೆ ಡಾಕ್ಟರ್ ಸುಮ್ಮಸುಮ್ಮನೆ ತಲೆ ಕೊರೆದ ಅನ್ಸುತ್ತೆ.

ಡಾಕ್ಟರ್ ಹೆಸರು ವಿಲಿಯಂ ಬೀಚರ್ ಸ್ಕೋವಿಲ್, ಹಾರ್ಟ್‌ಫರ್ಡ್ ಹಾಸ್ಪಿಟಲ್‌ನ ನ್ಯೂರೋಸರ್ಜನ್, ಆ ಕಾಲಕ್ಕೆ ದೊಡ್ಡ ಹೆಸರು. ಲೋಬಾಟಮಿ, ಅಂದ್ರೆ ಮಾನಸಿಕ ಕಾಯಿಲೆಗೆ ಅಂತ ಮುಂದಿನ ಮಿದುಳಿನ ಎಳೆಗಳನ್ನ ಕತ್ತರಿಸೋ ಆಪರೇಷನ್, ಜೋರಾಗಿ ನಡೀತಿದ್ದ ಕಾಲ ಅದು. ಮಾನಸಿಕ ಆಸ್ಪತ್ರೆಗಳಲ್ಲಿದ್ದ ರೋಗಿಗಳ ಮೇಲೆ ಸ್ಕೋವಿಲ್ ತನ್ನದೇ ಒಂದು ಬದಲಿ ಆಪರೇಷನ್ ಮಾಡ್ತಿದ್ದ, ಮುಂದಿನ ಮಿದುಳನ್ನ ಮುಟ್ಟದೆ ಟೆಂಪೊರಲ್ ಲೋಬಿನ (ಕಿವಿ ಪಕ್ಕದ ಮಿದುಳಿನ) ಒಳಮೈ ತೆಗೆಯೋದು. ಆ ರೋಗಿಗಳಲ್ಲಿ ನೆನಪು ಹೋಗಿದೆಯಾ ಅಂತ ಯಾರೂ ಸರಿಯಾಗಿ ನೋಡಿರಲಿಲ್ಲ, ಮೊದಲೇ ಮಾನಸಿಕ ಕಾಯಿಲೆ, ಮಾತು ಸರಿಯಿಲ್ಲ, ಮರೆತರೆ ಯಾರಿಗೆ ಗೊತ್ತಾಗಬೇಕು. ನನಗೆ ಈ ಕೇಸಲ್ಲಿ ಅತ್ಯಂತ ಕಸಿವಿಸಿ ಆಗೋ ಜಾಗ ಇದೇ. ಹೆನ್ರಿ ಮೊದಲನೆಯವನಲ್ಲ, ಗಮನಕ್ಕೆ ಬಂದವರಲ್ಲಿ ಮೊದಲಿಗ ಅಷ್ಟೇ.

ಆ ಆಪರೇಷನ್ ಫಿಟ್ಸಿಗೂ ಆಗಬಹುದು ಅಂತ ಸ್ಕೋವಿಲ್‌ಗೆ ಅನ್ನಿಸ್ತು. ಫಿಟ್ಸ್ ಮಿದುಳಿನ ಒಂದು ಜಾಗದಿಂದ ಹುಟ್ತಿದೆ ಅಂತ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆ ನೋಡೋ ಟೆಸ್ಟ್) ತೋರಿಸಿದ್ರೆ ಆ ಜಾಗ ತೆಗೀಬಹುದು, ಆದ್ರೆ ಹೆನ್ರಿಯ ಇಇಜಿಯಲ್ಲಿ ಅಂಥ ಒಂದು ಮೂಲ ಸಿಗಲೇ ಇಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇದು ಪ್ರಯೋಗದ ಆಪರೇಷನ್ನೇ ಅಂತ ಆಮೇಲೆ ತಾನೇ ಬರೆದುಕೊಂಡ. 1953ರ ಆಗಸ್ಟ್ ಕೊನೆಯಲ್ಲಿ, ಹೆನ್ರಿಗೆ ಎಚ್ಚರ ಇರೋವಾಗಲೇ (ಮಿದುಳಿಗೆ ನೋವು ಗೊತ್ತಾಗಲ್ಲ, ನೆತ್ತಿಯ ಚರ್ಮಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ರೆ ಸಾಕು), ಎರಡೂ ಕಣ್ಣಿನ ಮೇಲ್ಗಡೆ ತಲೆಬುರುಡೆಯಲ್ಲಿ ಸುಮಾರು ಒಂದೂವರೆ ಇಂಚಿನ ಎರಡು ತೂತು ಕೊರೆದ. ತೆಳ್ಳಗಿನ ಲೋಹದ ಪಟ್ಟಿ ಒಳಗೆ ತೂರಿಸಿ ಮುಂದಿನ ಮಿದುಳನ್ನ ಸ್ವಲ್ಪ ಎತ್ತಿ ಹಿಡಿದು, ಆ ಸಂದಿಯಿಂದ ಟ್ಯೂಬ್ ಹಾಕಿ, ಎರಡೂ ಕಡೆಯ ಟೆಂಪೊರಲ್ ಲೋಬಿನ ಒಳಭಾಗವನ್ನ ಹೀರಿ ತೆಗೆದ. ಆ ಲೋಹದ ಪಟ್ಟಿ ನೆನಪಲ್ಲಿರಲಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಈಗ ಮೊದಲನೇ ತಪ್ಪಿಗೆ ಬರೋಣ. ಹೋಗಿದ್ದು ಏನೇನು? ಹಿಪ್ಪೊಕ್ಯಾಂಪಸ್ಸಿನ ಮುಂದಿನ ಭಾಗ, ಅದಕ್ಕೆ ಮಾಹಿತಿ ತಂದುಕೊಡೋ ಎಂಟೊರೈನಲ್ ಕಾರ್ಟೆಕ್ಸ್ (ಕಾರ್ಟೆಕ್ಸ್ ಅಂದ್ರೆ ಮಿದುಳಿನ ಮೇಲ್ಪದರ) ಹೆಚ್ಚುಕಮ್ಮಿ ಪೂರ್ತಿ, ಅದರ ಪಕ್ಕದ ಕಾರ್ಟೆಕ್ಸಿನ ತುಂಡುಗಳು, ಮತ್ತೆ ಅಮಿಗ್ಡಲಾ ಬಹುತೇಕ. ಎಂಟು ಸೆಂಟಿಮೀಟರ್ ತೆಗೆದೆ ಅಂತ ಸ್ಕೋವಿಲ್ ಅಂದಾಜು. ನಲವತ್ತು ವರ್ಷ ಆದಮೇಲೆ, 1990ರ ದಶಕದಲ್ಲಿ ಎಂಆರ್‌ಐ ಮಾಡಿ ನೋಡಿದ್ರೆ ಹೋಗಿದ್ದು ಸುಮಾರು ಐದು ಸೆಂಟಿಮೀಟರ್, ಹಿಪ್ಪೊಕ್ಯಾಂಪಸ್ಸಿನ ಹಿಂದಿನ ತುಂಡು ಹಾಗೇ ಉಳಿದಿತ್ತು, ಸೊರಗಿತ್ತು ಆದ್ರೆ ಇತ್ತು. ಅಂದ್ರೆ ಕಟ್ಟಡ ಅರ್ಧ ನಿಂತಿದೆ, ಆದ್ರೆ ಅಲ್ಲಿಗೆ ಹೋಗೋ ರಸ್ತೆ ಕಿತ್ತುಹೋಗಿದೆ ಅನ್ನೋ ಪರಿಸ್ಥಿತಿ.

ನಿಮ್ಹಾನ್ಸ್‌ನ ಬ್ರೈನ್ ಮ್ಯೂಸಿಯಂಗೆ ಒಂದು ಸಲ ಹುಡುಗರನ್ನ ಕರ್ಕೊಂಡು ಹೋಗಿದ್ದೆ. ಗ್ಲೌಸ್ ಹಾಕಿಸಿ ಕೈಗೆ ಮಿದುಳು ಕೊಟ್ರು, ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು, ತೂಕ ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ. ಹಿಪ್ಪೊಕ್ಯಾಂಪಸ್ ಹೊರಗಿಂದ ಕಾಣಲ್ಲ, ಕಿವಿಯಿಂದ ನೇರ ಒಳಗೆ ಹೋದ್ರೆ ಟೆಂಪೊರಲ್ ಲೋಬಿನ ಒಳ ಮಡಿಕೆಯಲ್ಲಿ ಸುರುಳಿ ಸುತ್ತಿಕೊಂಡು ಕೂತಿರುತ್ತೆ, ಬಿಡಿಸಿ ತೋರಿಸಿದ್ರೆ ಸಮುದ್ರಕುದುರೆ ಥರ, ಆ ಗ್ರೀಕ್ ಹೆಸರೂ ಅದಕ್ಕೇ. ಅದರ ಮುಂದಿನ ತುದಿಗೆ ಅಂಟಿಕೊಂಡ ಬಾದಾಮಿ ಥರದ್ದು ಅಮಿಗ್ಡಲಾ. ಒಬ್ಬ ಹುಡುಗಿ ಕೈಯಲ್ಲಿ ಹಿಡ್ಕೊಂಡು "ಸಾರ್, ಇಷ್ಟೇನಾ" ಅಂದ್ಲು. ಹೂಂ ಕಣಮ್ಮ, ಇಷ್ಟೇ.

ಆಪರೇಷನ್ ಆದ್ಮೇಲೆ ಫಿಟ್ಸ್ ನಿಜವಾಗ್ಲೂ ಕಮ್ಮಿ ಆಯ್ತು, ದೊಡ್ಡದು ವಾರಕ್ಕೊಂದು ಬರ್ತಿದ್ದದ್ದು ವರ್ಷಕ್ಕೆ ಒಂದೆರಡಕ್ಕೆ ಇಳೀತು. ಐಕ್ಯೂ ಕಮ್ಮಿ ಆಗಲಿಲ್ಲ, ಆಪರೇಷನ್‌ಗೆ ಮುಂಚೆ 104 ಇದ್ದದ್ದು 1955ರಲ್ಲಿ 112. ಮಾತು ಸರಿ, ಸ್ವಭಾವ ಸೌಮ್ಯ, ತಮಾಷೆ ಅರ್ಥ ಆಗ್ತಿತ್ತು. ಆದ್ರೆ ಆಸ್ಪತ್ರೆಯಲ್ಲಿ ಬಾತ್‌ರೂಮ್ ಎಲ್ಲಿದೆ ಅಂತ ದಿನಾ ಕೇಳ್ತಿದ್ದ, ದಿನಾ ನೋಡೋ ನರ್ಸ್ ಯಾರು ಅಂತ ಗೊತ್ತಿಲ್ಲ.

ಅದೇ ಹೊತ್ತಿಗೆ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅನ್ನೋ ಸರ್ಜನ್ ಹತ್ರ ಇನ್ನೊಂದು ಒಗಟು ಇತ್ತು. ಫಿಟ್ಸ್ ರೋಗಿಗಳಿಗೆ ಒಂದೇ ಕಡೆ ಟೆಂಪೊರಲ್ ಲೋಬ್ ತೆಗೀತಿದ್ರು, ಬಹುತೇಕರು ಆರಾಮಾಗಿದ್ರೆ ಇಬ್ಬರಿಗೆ ಮಾತ್ರ ಹೊಸ ನೆನಪು ನಿಲ್ತಿರಲಿಲ್ಲ. ಪೆನ್‌ಫೀಲ್ಡ್ ಜೊತೆ ಕೆಲಸ ಮಾಡ್ತಿದ್ದ ಸೈಕಾಲಜಿಸ್ಟ್ ಬ್ರೆಂಡಾ ಮಿಲ್ನರ್, ಈ ಇಬ್ಬರಿಗೆ ಇನ್ನೊಂದು ಕಡೆ ಹಿಪ್ಪೊಕ್ಯಾಂಪಸ್ ಮೊದಲೇ ಕೆಟ್ಟಿರಬೇಕು, ಅದಕ್ಕೇ ಎರಡೂ ಹೋದಂಗಾಗಿದೆ ಅಂತ ಊಹೆ ಮಾಡಿದ್ರು. (ಆಮೇಲೆ ಒಬ್ಬರ ಪೋಸ್ಟ್‌ಮಾರ್ಟಮ್‌ನಲ್ಲಿ ಅದು ನಿಜ ಆಯ್ತು.) ಈ ವಿಷಯ ಓದಿದ ಸ್ಕೋವಿಲ್ ಫೋನ್ ಮಾಡಿ ನನ್ನ ಹತ್ರಾನೂ ಇಂಥವನೊಬ್ಬ ಇದಾನೆ ಅಂದ. ಮಿಲ್ನರ್ 1955ರ ಏಪ್ರಿಲ್‌ನಲ್ಲಿ ಹಾರ್ಟ್‌ಫರ್ಡ್‌ಗೆ ಬಂದ್ರು.

ಆ ದಿನ ಹೆನ್ರಿ ಟೆಸ್ಟ್ ರೂಮಿಗೆ ಬರೋಕೆ ಸ್ವಲ್ಪ ಮುಂಚೆ ಕಾರ್ಲ್ ಪ್ರಿಬ್ರಾಂ ಅನ್ನೋ ಇನ್ನೊಬ್ಬ ಡಾಕ್ಟರ್ ಜೊತೆ ಮಾತಾಡ್ತಿದ್ದ. ಒಳಗೆ ಬಂದ ತಕ್ಷಣ ಕೇಳಿದ್ರೆ ಯಾರೂ ನನ್ನ ಜೊತೆ ಮಾತಾಡಿಲ್ಲ ಅಂದ. ಇವತ್ತು ಯಾವ ತಾರೀಕು ಅಂದ್ರೆ 1953 ಮಾರ್ಚ್. ವಯಸ್ಸು? 27. ಎರಡು ವರ್ಷ ಅವನ ಮೇಲೆ ಹಾದೇ ಹೋಗಿರಲಿಲ್ಲ. ಸ್ಕೋವಿಲ್ ಮತ್ತು ಮಿಲ್ನರ್ 1957ರಲ್ಲಿ ಬರೆದ ಪೇಪರಲ್ಲಿ ಇರೋ ವಿವರಗಳು ಓದಿದ್ರೆ ಕರುಳು ಚುರುಕ್ ಅನ್ನುತ್ತೆ. ಮನೆಯವರು ಅದೇ ಬೀದಿಯಲ್ಲಿ ಸ್ವಲ್ಪ ದೂರದ ಮನೆಗೆ ಹೋಗಿ ಹತ್ತು ತಿಂಗಳಾಗಿದೆ, ಇವನಿಗೆ ಹೊಸ ವಿಳಾಸ ಗೊತ್ತಿಲ್ಲ, ಕಾಲು ಹಳೇ ಮನೆ ಕಡೆಗೇ ಹೋಗುತ್ತೆ. ಹುಲ್ಲು ಕತ್ತರಿಸೋ ಮಿಷನ್ ನಿನ್ನೆ ತಾನೇ ಬಳಸಿದಾನೆ, ಇವತ್ತು ಎಲ್ಲಿಟ್ಟಿದೆ ಅಂತ ಅಮ್ಮ ಹೇಳಬೇಕು. ಅದೇ ಮ್ಯಾಗಜಿನ್ ಮತ್ತೆ ಮತ್ತೆ ಓದ್ತಾನೆ, ಪ್ರತಿ ಸಲನೂ ಹೊಸದು. ಮಧ್ಯಾಹ್ನ ಮಿಲ್ನರ್ ಎದುರಿಗೇ ಊಟ ಮಾಡಿದ, ಅರ್ಧ ಗಂಟೆ ಬಿಟ್ಟು ಏನು ತಿಂದೆ ಅಂದ್ರೆ ಊಟ ಮಾಡಿದ್ದೇ ಗೊತ್ತಿಲ್ಲ.

ಈಗ ಎರಡನೇ ತಪ್ಪು, "ನೆನಪಿನ ಶಕ್ತಿ ಹೋಯಿತು." ಯಾವ ನೆನಪು?

ಕ್ಷಣದ ನೆನಪು ಹೋಗಿರಲಿಲ್ಲ. ಅಂಕಿಗಳನ್ನ ಹೇಳಿ ತಕ್ಷಣ ವಾಪಸ್ ಹೇಳು ಅಂದ್ರೆ ನಮ್ಮ ನಿಮ್ಮ ಹಾಗೇ ಹೇಳ್ತಿದ್ದ. ಒಂದ್ಸಲ ಮಿಲ್ನರ್ 584 ಅನ್ನೋ ಸಂಖ್ಯೆ ಕೊಟ್ಟು ನೆನಪಿಟ್ಕೊ ಅಂದ್ರು. ಸುಮಾರು ಹದಿನೈದು ನಿಮಿಷ ಯಾರೂ ತೊಂದರೆ ಕೊಡದೆ ಇದ್ದಾಗ ಅವನು ಸರಿಯಾಗಿ ಹೇಳಿದ. ಹೇಗಪ್ಪಾ ಅಂದ್ರೆ, ಸುಲಭ, ಎಂಟನ್ನ ನೆನಪಿಟ್ಕೋಬೇಕು, ಐದು ಎಂಟು ನಾಲ್ಕು ಕೂಡಿದ್ರೆ ಹದಿನೇಳು, ಅದರಲ್ಲಿ ಎಂಟು ಕಳೆದ್ರೆ ಒಂಬತ್ತು, ಒಂಬತ್ತನ್ನ ಎರಡು ಭಾಗ ಮಾಡಿದ್ರೆ ಐದು ನಾಲ್ಕು, ಬಂತಲ್ಲ 584 ಅಂತ ವಿವರಿಸಿದ. ಬಾಯಲ್ಲಿ ನೀರು ತುಂಬ್ಕೊಂಡು ನುಂಗದೆ ಹಿಡ್ಕೊಂಡ ಹಾಗೆ ಅದನ್ನ ಹಿಡ್ಕೊಂಡಿದ್ದ. ಗಮನ ಒಂಚೂರು ಬೇರೆ ಕಡೆ ಹೋಗಿ ಒಂದು ನಿಮಿಷ ಆಯ್ತು, ಸಂಖ್ಯೆನೂ ಇಲ್ಲ, ಆ ಲೆಕ್ಕನೂ ಇಲ್ಲ, ಸಂಖ್ಯೆ ಕೊಟ್ಟಿದ್ರು ಅನ್ನೋದೂ ಇಲ್ಲ.

ಇನ್ನು 1962ರಲ್ಲಿ ಮಿಲ್ನರ್ ಪ್ರಕಟಿಸಿದ ಕನ್ನಡಿ ಟೆಸ್ಟ್. ಕಾಗದದ ಮೇಲೆ ಒಂದರೊಳಗೊಂದು ನಕ್ಷತ್ರ, ಎರಡು ಗೆರೆ ಮಧ್ಯ ಪೆನ್ಸಿಲ್ ಓಡಿಸಬೇಕು, ಆದ್ರೆ ಕಾಗದ ಮತ್ತು ಕೈ ನೇರ ಕಾಣದ ಹಾಗೆ ಅಡ್ಡ ಹಲಗೆ, ಕನ್ನಡಿಯಲ್ಲಿ ನೋಡ್ಕೊಂಡೇ ಬರೀಬೇಕು. ಮನೇಲಿ ಮಾಡಿ ನೋಡಿ, ನಾನು ಕ್ಲಾಸಲ್ಲಿ ಮಾಡಿಸ್ತೀನಿ. ಮೊದಲ ಮೂಲೆ ಬಂದ ತಕ್ಷಣ ಕೈ ಅಲ್ಲೇ ಒದ್ದಾಡುತ್ತೆ, ಬಲಕ್ಕೆ ಅಂದ್ರೆ ಎಡಕ್ಕೆ ಹೋಗುತ್ತೆ, ಹುಡುಗರು ಬಿದ್ದು ಬಿದ್ದು ನಗ್ತಾರೆ. ಅಭ್ಯಾಸ ಮಾಡ್ತಾ ಮಾಡ್ತಾ ತಪ್ಪು ಕಮ್ಮಿ ಆಗುತ್ತೆ. ಹೆನ್ರಿಗೆ ಮೂರು ದಿನ ಇದನ್ನ ಮಾಡಿಸಿದ್ರು. ಪ್ರತಿ ದಿನ ಹೊಸದಾಗಿ ವಿವರಿಸಬೇಕು, ಇದನ್ನ ಮುಂಚೆ ಮಾಡಿದ ನೆನಪು ಒಂಚೂರೂ ಇಲ್ಲ. ಆದ್ರೆ ಕೈ ಮಾತ್ರ ನಿನ್ನೆ ನಿಲ್ಲಿಸಿದಲ್ಲಿಂದಲೇ ಶುರು ಮಾಡ್ತಿತ್ತು, ಮೂರನೇ ದಿನ ತಪ್ಪು ಹೆಚ್ಚುಕಮ್ಮಿ ಸೊನ್ನೆ. ಅರೆ, ಕಷ್ಟ ಅಂದ್ಕೊಂಡಿದ್ದೆ, ಚೆನ್ನಾಗೇ ಬಂತಲ್ಲ ಅಂತ ಅವನಿಗೇ ಆಶ್ಚರ್ಯ.

ಅಲ್ಲಿವರೆಗೂ ನೆನಪು ಮಿದುಳಿನ ತುಂಬಾ ಹರಡಿಕೊಂಡಿರುತ್ತೆ, ಯಾವ ತುಂಡು ತೆಗೆದ್ರೂ ಅಷ್ಟಷ್ಟೇ ಕಮ್ಮಿ ಆಗುತ್ತೆ ಅಂತ ಇಲಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ ಕಾರ್ಲ್ ಲ್ಯಾಶ್ಲಿಯ ಮಾತು ನಡೀತಿತ್ತು. ಹೆನ್ರಿಯ ಪೆನ್ಸಿಲ್ ಗೆರೆ ಆ ಮಾತನ್ನ ಅಲ್ಲಾಡಿಸಿತು. ಕೈಗೆ ಬರೋ ಕೌಶಲ, ಸೈಕಲ್ ಹೊಡೆಯೋದು, ತಬಲಾ ಬಾರಿಸೋದು, ರಂಗೋಲಿ ಎಳೆ ಎಳೆಯೋದು, ಇದೆಲ್ಲಾ ಮಿದುಳಿನ ಬೇರೆ ಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲ್ಲಂ, ಮೋಟಾರ್ ಕಾರ್ಟೆಕ್ಸ್ ಕಡೆಯ ಕೆಲಸ, ಅದಕ್ಕೆ ಹಿಪ್ಪೊಕ್ಯಾಂಪಸ್ಸಿನ ಸಹಿ ಬೇಕಾಗಿಲ್ಲ. "ನಿನ್ನೆ ರಂಗೋಲಿ ಹಾಕಿದೆ, ಮಳೆ ಬಂದು ಅಳಿಸಿಹೋಯ್ತು" ಅನ್ನೋದಕ್ಕೆ ಬೇಕು. ಎರಡನ್ನೂ ನಾವು ನೆನಪು ಅಂತಲೇ ಕರೀತೀವಿ.

ಉಗ್ರಾಣ ಅನ್ನೋ ಮಾತು ಯಾಕೆ ಸಿಟ್ಟು ತರಿಸುತ್ತೆ ಅಂದ್ರೆ, ಉಗ್ರಾಣ ಆಗಿದ್ರೆ ಅದರ ಜೊತೆ ಹಳೇ ನೆನಪೆಲ್ಲಾ ಹೋಗಬೇಕಿತ್ತು. ಹೋಗಲಿಲ್ಲ. ಅಪ್ಪ ಅಮ್ಮ ಗೊತ್ತು, ಸ್ಕೂಲು ಗೊತ್ತು, ಭಾಷೆ ಗೊತ್ತು. ನಾನು ಹುಡುಗರಿಗೆ ಸಬ್ ರಿಜಿಸ್ಟ್ರಾರ್ ಆಫೀಸ್ ಅಂತ ಹೇಳ್ತೀನಿ. ಹೊಲ ಆ ಆಫೀಸಲ್ಲಿ ಇರಲ್ಲ, ಊರಲ್ಲೇ ಇರುತ್ತೆ, ಆದ್ರೆ ಹೊಸ ಹೊಲ ತಗೊಂಡ್ರೆ ಆ ಆಫೀಸ್ ಹಾದು ಬರಲೇಬೇಕು. ನೋಡಿದ್ದು ಕೇಳಿದ್ದು ಎಲ್ಲಾ ಕಾರ್ಟೆಕ್ಸಿನ ಬೇರೆ ಬೇರೆ ಮೂಲೆಯಲ್ಲಿ, ಅವನ್ನೆಲ್ಲಾ ಒಂದು ಘಟನೆ ಅಂತ ಕಟ್ಟಿ ಕೊಡೋದು ಹಿಪ್ಪೊಕ್ಯಾಂಪಸ್, ಕಾಲ ಕಳೆದ ಹಾಗೆ ಆ ಕಟ್ಟು ಕಾರ್ಟೆಕ್ಸಲ್ಲೇ ಗಟ್ಟಿ ಆಗುತ್ತೆ. ಹೆನ್ರಿಗೆ ಆಪರೇಷನ್‌ಗೆ ಮುಂಚಿನ ಒಂದಷ್ಟು ವರ್ಷ ಮಸುಕಾಗಿದ್ದೂ ಅದಕ್ಕೆ ಹೊಂದುತ್ತೆ, ಖಾತೆ ಆಗದೆ ಪೆಂಡಿಂಗ್ ಇದ್ದ ಫೈಲುಗಳು ಆಫೀಸ್ ಜೊತೆಗೇ ಸುಟ್ಟುಹೋದ ಹಾಗೆ. ಮೂರು ವರ್ಷ ಹಿಂದೆ ತೀರಿಕೊಂಡಿದ್ದ ಇಷ್ಟದ ಅಂಕಲ್ ಸಾವು ನೆನಪಿರಲಿಲ್ಲ. ಮೊದಲು ಎರಡು ಮೂರು ವರ್ಷ ಹೋಗಿದೆ ಅಂದ್ರು, ಆಮೇಲಿನ ಟೆಸ್ಟಲ್ಲಿ ಅದು 11 ವರ್ಷದವರೆಗೂ ಹೋಯ್ತು.

ಆದ್ರೆ ನನ್ನ ಸಬ್ ರಿಜಿಸ್ಟ್ರಾರ್ ಉಪಮೆನೂ ಒಂದು ಕಡೆ ಕುಂಟುತ್ತೆ, ಒಪ್ಕೋತೀನಿ. 1962ರಲ್ಲಿ ಮಿಲ್ನರ್ ಅವರ ವಿದ್ಯಾರ್ಥಿನಿಯಾಗಿ ಹೆನ್ರಿಯನ್ನ ಕಂಡು, ಆಮೇಲೆ ಎಂಐಟಿ ಸೇರಿ, ಅವನು ಸಾಯೋವರೆಗೂ ಅಧ್ಯಯನ ಮಾಡಿದವರು ಸುಜಾನ್ ಕಾರ್ಕಿನ್. ಅವರು ಎಷ್ಟು ಕೆದಕಿದ್ರೂ ಹೆನ್ರಿ ಬಾಲ್ಯದ್ದು ಅಂತ ಹೇಳ್ತಿದ್ದದ್ದು ಬಹುಪಾಲು ವಿಷಯಗಳು, ಘಟನೆಗಳಲ್ಲ. ರಜೆಗೆ ಇಂಥ ಕಡೆ ಹೋಗ್ತಿದ್ವಿ ಅಂತ ಹೇಳ್ತಾನೆ, ಒಂದು ರಜೆಯ ಒಂದು ಸಂಜೆ ಹೇಳು ಅಂದ್ರೆ ಇಲ್ಲ. ಅಮ್ಮನ ಬಗ್ಗೆ ನಿನಗಿಷ್ಟವಾದ ನೆನಪು ಯಾವುದು ಅಂದ್ರೆ, ಅವಳು ನನ್ನ ಅಮ್ಮ ಅನ್ನೋದೇ ಅಂದ. ಬಣ್ಣ, ಸದ್ದು, ವಾಸನೆ ಸಮೇತ ಉಳಿದಿದ್ದು ಎರಡೇ ಎರಡು. ಹತ್ತನೇ ವಯಸ್ಸಲ್ಲಿ ಸೇದಿದ ಮೊದಲ ಸಿಗರೇಟು. ಹದಿಮೂರನೇ ವಯಸ್ಸಲ್ಲಿ ಸಣ್ಣ ವಿಮಾನದಲ್ಲಿ ಹಾರ್ಟ್‌ಫರ್ಡ್ ಮೇಲೆ ಅರ್ಧ ಗಂಟೆ ಹಾರಿದ್ದು, ಪೈಲಟ್ ಸ್ವಲ್ಪ ಹೊತ್ತು ಅವನ ಕೈಗೂ ಕಂಟ್ರೋಲ್ ಕೊಟ್ಟಿದ್ದ, ಅದನ್ನ ಮಾತ್ರ ಕೇಳಿದಾಗೆಲ್ಲಾ ಕಣ್ಣರಳಿಸಿ ಹೇಳ್ತಿದ್ನಂತೆ. ಹಳೇ ಘಟನೆಯನ್ನ ಘಟನೆಯಾಗಿ ಮತ್ತೆ ಕಣ್ಮುಂದೆ ತಂದುಕೊಳ್ಳೋಕೆ ಹಿಪ್ಪೊಕ್ಯಾಂಪಸ್ ಯಾವತ್ತೂ ಬೇಕಾ ಇಲ್ವಾ ಅನ್ನೋ ಜಗಳ ಸಂಶೋಧಕರಲ್ಲಿ ಇವತ್ತಿಗೂ ಇದೆ, ಅದಕ್ಕೆ ಈ ಎರಡು ನೆನಪುಗಳೂ ಒಂದು ಕಾರಣ.

ಹೊಸದು ಏನೂ ಸೇರಲಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಆಪರೇಷನ್ ಆಗಿ ಐದು ವರ್ಷಕ್ಕೆ, 1958ರಲ್ಲಿ, ಹೋದ ಮನೆಯಲ್ಲಿ ವರ್ಷಗಟ್ಟಲೆ ಓಡಾಡಿ ಓಡಾಡಿ ಅದರ ನಕ್ಷೆಯನ್ನ ಕಾಗದದ ಮೇಲೆ ಬರೆದು ತೋರಿಸಿದ. ಆಸ್ವಾಲ್ಡ್ ಯಾರು ಅಂದ್ರೆ ಪ್ರೆಸಿಡೆಂಟನ್ನ ಕೊಂದವನು ಅಂದ, ಆ ಕೆನಡಿ ಹತ್ಯೆ ನಡೆದಿದ್ದು 1963ರಲ್ಲಿ, ಆಪರೇಷನ್ ಆಗಿ ಹತ್ತು ವರ್ಷಕ್ಕೆ. ಕಾರ್ಕಿನ್ ಅವರನ್ನ ನೋಡಿದಾಗ ಗುರುತಿನ ಮುಖ ಅನ್ನಿಸ್ತಿತ್ತು, ನಾವಿಬ್ರೂ ಹೈಸ್ಕೂಲಲ್ಲಿ ಒಟ್ಟಿಗೆ ಓದಿದವರು ಅಂತ ಅವನೇ ಒಂದು ಲೆಕ್ಕ ಹಾಕ್ಕೊಂಡಿದ್ದ. ಚೂರುಪಾರು ಎಲ್ಲಿಂದಲೋ ಸೋರಿ ಒಳಗೆ ಹೋಗ್ತಿತ್ತು, ಯಾವಾಗ ಎಲ್ಲಿ ಅನ್ನೋ ವಿಳಾಸ ಇಲ್ಲದೆ.

ಹಾರ್ಮೋನ್ ಪಾಠ ಮಾಡುವಾಗಲೂ ನಾನು ಹೆನ್ರಿಯನ್ನೇ ತರೋದು, ಅದಕ್ಕೆ ಕಾರಣ ಅವನ ಊಟ. 1980ರ ದಶಕದ ಒಂದು ಟೆಸ್ಟ್. ಹಸಿವು ಎಷ್ಟಿದೆ ಅಂತ ಸೊನ್ನೆಯಿಂದ ನೂರರವರೆಗೆ ನಂಬರ್ ಹೇಳಬೇಕು. ಊಟಕ್ಕೆ ಮುಂಚೆ ಕೇಳಿದ್ರು, 50. ಹೊಟ್ಟೆ ತುಂಬಾ ಊಟ ಮಾಡಿದ್ಮೇಲೆ ಕೇಳಿದ್ರು, 50. ಇನ್ನೊಂದ್ಸಲ ರಾತ್ರಿ ಊಟ ಮುಗಿದು ತಟ್ಟೆ ತೆಗೆದು, ಒಂದು ನಿಮಿಷ ಬಿಟ್ಟು ಅದೇ ಥರ ಇನ್ನೊಂದು ಪೂರ್ತಿ ಊಟ ತಂದಿಟ್ರು, ಮಾತಿಲ್ಲದೆ ತಿನ್ನೋಕೆ ಶುರು ಮಾಡಿ ಬಹುಪಾಲು ಮುಗಿಸಿದ. ಮರೆತಿದ್ದ ಅದಕ್ಕೇ ತಿಂದ ಅಂತ ಹುಡುಗರು ತಕ್ಷಣ ಹೇಳ್ತಾರೆ. ಸ್ವಲ್ಪ ತಡೀರಿ. ಊಟ ಮಾಡಿದ್ದು ನಿಮಗೆ ಮರೆತುಹೋದ್ರೂ ಹೊಟ್ಟೆ ಮರೆಯುತ್ತಾ? ಹೊಟ್ಟೆ ಬಿಗಿಯುತ್ತೆ, ಹಸಿವೆ ಹುಟ್ಟಿಸೋ ಗ್ರೆಲಿನ್ ಇಳಿಯುತ್ತೆ, ಕರುಳಿನ ಹಾರ್ಮೋನುಗಳು ಸಾಕು ಅನ್ನುತ್ತೆ, ಇದೆಲ್ಲಾ ಮಿದುಳಿನ ತಳದ ಹೈಪೋಥಲಾಮಸ್‌ಗೆ ಮುಟ್ಟುತ್ತೆ, ಮತ್ತೆ ಸ್ಕೋವಿಲ್ ಹೈಪೋಥಲಾಮಸ್ ತೆಗೆದಿರಲಿಲ್ಲ. ಹಾಗಾದ್ರೆ ಸುದ್ದಿ ಬಂದ್ರೂ ಓದೋರಿಲ್ಲ ಅನ್ನೋ ಹಾಗೆ ಆಗಿತ್ತಾ? ಸಂಶೋಧಕರು ಕೈ ತೋರಿಸಿದ್ದು ಅಮಿಗ್ಡಲಾ ಕಡೆಗೆ. ಮೈಯಿಂದ ಬರೋ ಸುದ್ದಿಗೆ "ಇದು ನನಗೆ ಬೇಕು, ಇದು ಬೇಡ" ಅನ್ನೋ ಬೆಲೆ ಕಟ್ಟೋದರಲ್ಲಿ ಅದರ ಪಾಲು ದೊಡ್ಡದು. ನೋವಿನ ಟೆಸ್ಟಲ್ಲೂ ಹೀಗೇ, ಚರ್ಮದ ಮೇಲೆ ಬಿಸಿ ಹಾಯಿಸಿದ್ರೆ ಬಿಸಿ ಇದೆ ಅಂತ ಗೊತ್ತಾಗ್ತಿತ್ತು, ಮಿಕ್ಕವರು ಅಯ್ಯೋ ನೋವು ಅಂತ ಕೈ ಎಳ್ಕೊಳ್ಳೋ ಬಿಸಿಗೂ ಇವನು ನೋವು ಅಂತಿರಲಿಲ್ಲ.

ಹಿಪ್ಪೊಕ್ಯಾಂಪಸ್ ಕೂಡ ಬರೀ ನೆನಪಿನ ಅಂಗ ಅಲ್ಲ, ಈ ಮಾತನ್ನೂ ಇಲ್ಲೇ ಹೇಳಿಬಿಡ್ತೀನಿ. ಒತ್ತಡದ ಹಾರ್ಮೋನ್ ಇಲಿಗಳ ಹಿಪ್ಪೊಕ್ಯಾಂಪಸ್ಸಿಗೆ ಹೋಗಿ ಅಂಟಿಕೊಳ್ಳುತ್ತೆ ಅಂತ ಬ್ರೂಸ್ ಮೆಕ್‌ಈವನ್ ತಂಡ 1968ರಲ್ಲಿ ತೋರಿಸ್ತು. ಕಾರ್ಟಿಸಾಲ್ (ನಮ್ಮ ಮೈಯಲ್ಲಿ ಆ ಒತ್ತಡದ ಹಾರ್ಮೋನ್ ಇದೇ) ಸಾಕು, ಇನ್ನು ನಿಲ್ಲಿಸು ಅಂತ ಹೈಪೋಥಲಾಮಸ್‌ಗೆ ಬ್ರೇಕ್ ಹಾಕೋದರಲ್ಲಿ ಹಿಪ್ಪೊಕ್ಯಾಂಪಸ್‌ಗೂ ಕೈ ಇದೆ. ಹೆನ್ರಿ ಚಿಂತೆ ಇಲ್ಲದ ಸಂತ, ಕ್ಷಣದಲ್ಲೇ ಬದುಕಿದ ಯೋಗಿ ಅಂತ ಕೆಲವರು ಬರೀತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಮಾತಾಡ್ತಾ ಮಾತಾಡ್ತಾ ತಲೆ ಎತ್ತಿ, ನಾನೇನಾದ್ರೂ ತಪ್ಪು ಮಾತಾಡಿದ್ನಾ ಅಂತ ಕೇಳ್ತಿದ್ದ, ಈ ಕ್ಷಣ ಎಲ್ಲಾ ಸ್ಪಷ್ಟ, ಆದ್ರೆ ಇದಕ್ಕೆ ಮುಂಚೆ ಏನಾಯ್ತು ಅನ್ನೋದೇ ಚಿಂತೆ ಅಂತಿದ್ದ. ಕನಸಿಂದ ಈಗ ತಾನೇ ಎದ್ದ ಹಾಗೆ ಅಂತ ತನ್ನ ಸ್ಥಿತಿಯನ್ನ ಅವನೇ ಹೇಳಿದ. ಅಪ್ಪ 1966ರಲ್ಲಿ ತೀರಿಕೊಂಡ್ರು. ಅಪ್ಪ ಇಲ್ಲ, ಅಮ್ಮ ನರ್ಸಿಂಗ್ ಹೋಮಲ್ಲಿ ಚೆನ್ನಾಗಿದಾಳೆ ಅಂತ ಒಂದು ಚೀಟಿ ತನಗೆ ತಾನೇ ಬರೆದು ಪರ್ಸಲ್ಲಿ ಇಟ್ಕೊಂಡಿದ್ದ. ಯೋಗಿ ಯಾಕ್ರೀ ಇಂಥ ಚೀಟಿ ಇಟ್ಕೋತಾನೆ.

ಕೊನೆಯ 28 ವರ್ಷ ವಿಂಡ್ಸರ್ ಲಾಕ್ಸ್‌ನ ಒಂದು ಕೇರ್ ಹೋಮಲ್ಲಿದ್ದ, ಪದಬಂಧ ಬಿಡಿಸ್ತಾ. ಫಿಟ್ಸ್ ಮಾತ್ರೆ ವರ್ಷಾನುಗಟ್ಟಲೆ ತಗೊಂಡಿದ್ದಕ್ಕೆ ಸೆರೆಬೆಲ್ಲಂ ಸೊರಗಿ ನಡಿಗೆ ತೂರಾಡ್ತಿತ್ತು, ಮೂಳೆಗಳೂ ಟೊಳ್ಳಾಗಿದ್ವು. ನೂರಕ್ಕೂ ಹೆಚ್ಚು ಸಂಶೋಧಕರು ಅವನ ಮೇಲೆ ಕೆಲಸ ಮಾಡಿದ್ರು. ಪ್ರತಿ ಸಲ ಟೆಸ್ಟ್ ಮಾಡಲಾ ಅಂದ್ರೆ ಹೂಂ, ನನ್ನಿಂದ ಕಲಿತದ್ದು ಬೇರೆಯವರಿಗೆ ಉಪಯೋಗ ಆಗುತ್ತಲ್ಲ ಅಂತಿದ್ದ. ಆದ್ರೆ ಸಹಿ ಹಾಕಿದ್ದೇ ಒಂದು ನಿಮಿಷಕ್ಕೆ ಮರೆಯೋ ಮನುಷ್ಯನ ಹೂಂಗೆ ಏನರ್ಥ? 1992ರಲ್ಲಿ ಕೋರ್ಟ್ ಮೂಲಕ ಒಬ್ಬರನ್ನ ಪಾಲಕರಾಗಿ ನೇಮಿಸಿದ್ರು, ಮಿದುಳು ದಾನಕ್ಕೂ ಆವಾಗ್ಲೇ ಒಪ್ಪಿಗೆ ಆಯ್ತು. ಹತ್ತಿರದ ರಕ್ತಸಂಬಂಧಿಗಳು ಇದ್ದಾಗಲೂ ಬೇರೆಯವರನ್ನ ಯಾಕೆ ನೇಮಿಸಿದ್ರು ಅಂತ 2016ರಲ್ಲಿ ಪ್ರಶ್ನೆ ಎತ್ತಿದವನು ಒಬ್ಬ ಪತ್ರಕರ್ತ, ವಿಚಿತ್ರ ನೋಡಿ, ಅವನು ಸ್ಕೋವಿಲ್‌ನ ಮೊಮ್ಮಗ. ಎಂಐಟಿ ಕಡೆಯವರು ಆ ಟೀಕೆಗಳನ್ನ ತಳ್ಳಿಹಾಕಿದ್ರು, ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಕಾರ್ಕಿನ್ ಪರ ಸಹಿ ಹಾಕಿದ್ರು. ಕಾರ್ಕಿನ್ ಅವನನ್ನ ಚೆನ್ನಾಗಿ ನೋಡ್ಕೊಂಡ್ರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ, ಆದ್ರೆ ಚೆನ್ನಾಗಿ ನೋಡ್ಕೊಳ್ಳೋದೂ ಒಪ್ಪಿಗೆ ಪಡೆಯೋದೂ ಬೇರೆ ಬೇರೆ. ಸ್ಕೋವಿಲ್ ವಿಷಯಕ್ಕೆ ಬಂದ್ರೆ, ಎರಡೂ ಕಡೆ ತೆಗೆಯೋದು ಬೇಡ ಅಂತ ಆಮೇಲೆ ಬೇರೆ ಸರ್ಜನ್‌ಗಳಿಗೆ ಎಚ್ಚರಿಕೆ ಕೊಟ್ಟವನು ಅವನೇ, ಅದನ್ನೂ ಹೇಳಬೇಕು.

2008ರ ಡಿಸೆಂಬರ್ 2ರಂದು ಹೆನ್ರಿ ತೀರಿಕೊಂಡ. ಅವತ್ತು ರಾತ್ರಿಯೆಲ್ಲಾ ಬಾಸ್ಟನ್‌ನಲ್ಲಿ ಎಂಆರ್‌ಐ, ಆಮೇಲೆ ಮಿದುಳನ್ನ ವಿಮಾನದಲ್ಲಿ ಸ್ಯಾನ್ ಡಿಯಾಗೋಗೆ ತಗೊಂಡು ಹೋದ್ರು. 2009ರ ಡಿಸೆಂಬರ್‌ನಲ್ಲಿ ಜಾಕೊಪೊ ಅನ್ನೇಸೆ ಅನ್ನೋ ವಿಜ್ಞಾನಿ ಅದನ್ನ ಹೆಪ್ಪುಗಟ್ಟಿಸಿ 53 ಗಂಟೆಯಲ್ಲಿ 2401 ಪದರಗಳಾಗಿ ಕೊಯ್ದ್ರು, ಒಂದೊಂದೂ 70 ಮೈಕ್ರಾನ್, ನಮ್ಮ ತಲೆಕೂದಲಿನಷ್ಟು ದಪ್ಪ. ಇಂಟರ್ನೆಟ್‌ನಲ್ಲಿ ಲೈವ್ ಹೋಯ್ತು, ಲಕ್ಷಗಟ್ಟಲೆ ಜನ ನೋಡಿದ್ರು. 2014ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಹಿಪ್ಪೊಕ್ಯಾಂಪಸ್ಸಿನ ಹಿಂದಿನ ತುಂಡು ಎರಡೂ ಕಡೆ ಉಳಿದಿತ್ತು, ಅಂದ್ರೆ ಎಂಆರ್‌ಐ ಹೇಳಿದ್ದು ಸರಿ. ಅದರ ಜೊತೆ ಯಾರೂ ನಿರೀಕ್ಷೆ ಮಾಡದೇ ಇದ್ದ ಇನ್ನೊಂದು ಸಿಕ್ತು, ಎಡಗಡೆ ಮುಂದಿನ ಮಿದುಳಿನ ತಳದಲ್ಲಿ ಒಂದು ಸಣ್ಣ ಗಾಯದ ಕಲೆ. ಆಪರೇಷನ್ ದಿನವೇ ಆಗಿರಬಹುದು ಅಂತಾರೆ, ಮಿದುಳನ್ನ ಎತ್ತಿ ಹಿಡಿದಿದ್ದ ಲೋಹದ ಪಟ್ಟಿ ಹೋಗಿದ್ದೂ ಅದೇ ದಾರಿಯಲ್ಲಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಮಾಡಿದ ಒಂದೊಂದು ತಪ್ಪನ್ನೂ ಹಿಪ್ಪೊಕ್ಯಾಂಪಸ್ ಲೆಕ್ಕಕ್ಕೆ ಬರೀತಾ ಬಂದಿದ್ರಲ್ಲ, ಅದರಲ್ಲಿ ಎಷ್ಟು ಆ ಕಲೆಯ ಲೆಕ್ಕಕ್ಕೆ ಹೋಗಬೇಕು ಅನ್ನೋದನ್ನ ಕೇಳೋಕೆ ಈಗ ಹೆನ್ರಿ ಇಲ್ಲ.